ನುಸ್ರತ್ ಮೇಡಂ ರಜೆಯಲ್ಲಿದ್ದ ವಾರ

ಸುಜಯನಿಗೆ ನುಸ್ರತ್ ಮೇಲೆ ಸಿಟ್ಟು ಹತ್ತಿದ್ದು ಅವಳು ಜಾಣೆ ಎಂಬ ಕಾರಣಕ್ಕಲ್ಲ. ಜಾಣೆಯರು ಆ ಕಾಲೇಜಿಗೆ ಎಷ್ಟೋ ಮಂದಿ ಬಂದು ಹೋಗಿದ್ದರು. ತನ್ನ ಜಾವಾ ಪ್ರಾಜೆಕ್ಟನ್ನು ಕಂಪ್ಯೂಟರಿನಲ್ಲಿ ಕೂರಿಸಿ ಓಡಿಸುವುದಕ್ಕೆ ಅವಳು ಒಂದು ದಿನವೂ ಅವನ ಸಹಾಯ ಕೇಳಲಿಲ್ಲ, ಅದಕ್ಕೆ.

ಕಡಬದ ಆ ಖಾಸಗಿ ಕಾಲೇಜಿನ ಬಿಸಿಎ ವಿಭಾಗದಲ್ಲಿ ಆ ಕೆಲಸಕ್ಕೆ ಸುಜಯನೇ ಬೇಕಿತ್ತು. ಒಂದು ಕಂಪ್ಯೂಟರಿನಲ್ಲಿ ಬರೆದ ಪ್ರಾಜೆಕ್ಟ್ ಇನ್ನೊಂದಕ್ಕೆ ಹೋದ ಕೂಡಲೇ ಮುನಿಸಿಕೊಳ್ಳುತ್ತದೆ. ಜಾವಾದ ಆವೃತ್ತಿ ಹೊಂದುವುದಿಲ್ಲ, ಜೊತೆಗೆ ಬೇಕಾದ ಫೈಲುಗಳು ಕೈಗೆ ಸಿಗುವುದಿಲ್ಲ, ಪರದೆ ತುಂಬ ಕೆಂಪು ಗುರುತು. ಮಕ್ಕಳು ಮುಖ ಸಣ್ಣ ಮಾಡಿಕೊಂಡು ಅವನ ಬಳಿ ಬರುತ್ತಿದ್ದರು. ಅವನು ಜಾವಾ ಬರೆಯಲು ಬಳಸುವ ಎಕ್ಲಿಪ್ಸ್ ತಂತ್ರಾಂಶ ತೆರೆದು, ಪ್ರಾಜೆಕ್ಟನ್ನು ಅದರೊಳಗೆ ತಂದು, ಅಲ್ಲೊಂದು ಇಲ್ಲೊಂದು ಸರಿಪಡಿಸಿ, ಚಹಾ ಆರುವುದರೊಳಗೆ ಓಡಿಸಿ ಕೊಡುತ್ತಿದ್ದ. ಅದರಲ್ಲಿ ಅವನದು ಎತ್ತಿದ ಕೈ. ಆದರೆ ವರ್ಷದ ಕೊನೆಗೆ ಫೋಟೊ, ಬಹುಮಾನ, ಚಪ್ಪಾಳೆ ಎಲ್ಲ ಪ್ರಾಜೆಕ್ಟ್ ಬರೆದವರಿಗೆ. ಏಳು ವರ್ಷ ಹೀಗೆ ಊರವರ ಕೆಂಪು ಗುರುತು ಒರೆಸಿದ ಮೇಲೂ ಅವನು ಅತಿಥಿ ಉಪನ್ಯಾಸಕನಾಗಿಯೇ ಉಳಿದಿದ್ದ.

ಈ ವರ್ಷ ವಿಭಾಗಕ್ಕೆ ಒಂದು ಖಾಯಂ ಹುದ್ದೆ ಬಂದಿತ್ತು. ಇದ್ದ ಅತಿಥಿಗಳು ಇಬ್ಬರು, ಸುಜಯ ಮತ್ತು ಎರಡು ವರ್ಷದ ಹಿಂದೆ ಜಾಲ್ಸೂರಿನಿಂದ ಬಂದು ಸೇರಿದ್ದ ನುಸ್ರತ್. ತಾವೇ ಬರೆದ ಒಂದೊಂದು ಪ್ರಾಜೆಕ್ಟನ್ನು ಇಬ್ಬರೂ ಆಡಳಿತ ಮಂಡಳಿಯ ಎದುರು ಓಡಿಸಿ ತೋರಿಸಬೇಕು. ಗೆದ್ದವರಿಗೆ ಹುದ್ದೆ, ಇನ್ನೊಬ್ಬರಿಗೆ ಮುಂದಿನ ವರ್ಷದಿಂದ ಕಾಲೇಜಿನಲ್ಲಿ ಜಾಗವಿಲ್ಲ ಎಂದು ತೀರ್ಮಾನವಾಗಿತ್ತು.

ನುಸ್ರತ್ ಬರೆದದ್ದು ಆನೆಯ ಬಗ್ಗೆ. ಕೊಲ್ಲಮೊಗ್ರಿನ ಕಡೆ ಕಾಡಿನ ಅಂಚಿನಲ್ಲಿ ಆನೆ ಕಂಡವರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಕರೆ ಕೊಟ್ಟವರ ದಾರಿಯಲ್ಲೇ ಮನೆ ಇರುವವರಿಗೆಲ್ಲ, ಅದೇ ದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳ ಮನೆಗಳಿಗೆಲ್ಲ, ಕನ್ನಡದಲ್ಲಿ ಒಂದು ಸಂದೇಶ ಹೋಗುತ್ತಿತ್ತು. ಭಾನುವಾರಗಳಲ್ಲಿ ಅವಳು ತನ್ನ ತಮ್ಮ ಆಶಿಕ್‌ನ ಸ್ಕೂಟರಿನ ಹಿಂದೆ ಕೂತು ಮನೆ ಮನೆ ಸುತ್ತಿ, ಯಾವ ಮನೆ ಯಾವ ದಾರಿಗೆ ಸೇರುತ್ತದೆ ಎಂದು ಕೇಳಿ ತಿಳಿದಿದ್ದಳು. ನೋಡಲು ಅರಣ್ಯ ಇಲಾಖೆಯವರೂ ಬರುವವರಿದ್ದರು. ಸುಜಯ ಬರೆದದ್ದು ಗ್ರಂಥಾಲಯದ ಪುಸ್ತಕ ಹುಡುಕುವ ಪ್ರೋಗ್ರಾಂ. ಅದನ್ನು ಓಡಿಸಿ ನೋಡುವಾಗ ಅವನಿಗೇ ಆಕಳಿಕೆ ಬಂದಿತ್ತು.

ಅಷ್ಟರಲ್ಲಿ ನುಸ್ರತ್ ತಂಗಿಯ ಮದುವೆಗೆ ಒಂದು ವಾರ ರಜೆ ಹಾಕಿದಳು. ಮರಳಿ ಬರುವುದು ಪ್ರದರ್ಶನದ ದಿನವೇ.

ವಿಭಾಗದ ಕೋಣೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇದ್ದದ್ದು ಒಂದೇ. ಸಂದೇಶ ಕಳಿಸುವ, ಸಿಮ್ ಹಾಕಿದ ಪುಟ್ಟ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿದ್ದರು. ಇಬ್ಬರೂ ಸರದಿಯಲ್ಲಿ ಅದರಲ್ಲಿ ಕೆಲಸ ಮಾಡುತ್ತಿದ್ದರು, ಪಾಸ್‌ವರ್ಡ್ ಒಂದೇ, ಒಳಗೆ ಇಬ್ಬರ ಹೆಸರಿನಲ್ಲಿ ಎರಡು ಫೋಲ್ಡರ್. ನುಸ್ರತ್ ತನ್ನದಕ್ಕೆ ಬೀಗ ಹಾಕಿರಲಿಲ್ಲ. ರಜೆಯ ಮೊದಲ ದಿನ ಸುಜಯನಿಗೆ ಇದೇ ಸಂಶಯಕ್ಕೆ ಕಾರಣವಾಯಿತು. ಇಷ್ಟು ಒಳ್ಳೆಯದನ್ನು ಯಾರಾದರೂ ಹೀಗೆ ತೆರೆದಿಟ್ಟು ಹೋಗುತ್ತಾರೆಯೇ? ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಯೇ? ಯೋಚಿಸಿ ಯೋಚಿಸಿ, ಅವಳು ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂಬ ತೀರ್ಮಾನಕ್ಕೆ ಬಂದ. ಅದು ಇನ್ನೂ ಹೆಚ್ಚು ನೋಯಿಸಿತು.

ಕದಿಯುವ ಮೊದಲು ಕಳ್ಳತನದ ದೂರು ಕೊಡಬೇಕು ಎಂಬುದು ಅವನ ಯೋಜನೆಯ ಜೀವಾಳ. ವಿಭಾಗದ ಮುಖ್ಯಸ್ಥ ಡೊಂಬಯ್ಯ ಸರ್ ಊಟ ಮುಗಿಸಿ ಕೂತಿದ್ದಾಗ ಹೋಗಿ ಎದುರು ನಿಂತ.

"ಸರ್, ಒಂದು ವಿಷಯ. ಹೇಳುದಾ ಬೇಡವಾ ಅಂತ ಯೋಚನೆ ಮಾಡ್ತಾ ಇದ್ದೆ."

"ಎಂತ ಮಾರಾಯ್ರೆ? ಕೂತ್ಕೊಳ್ಳಿ."

"ನನ್ನ ಫೈಲುಗಳನ್ನು ಯಾರೋ ತೆಗೆದು ನೋಡ್ತಾ ಇದ್ದಾರೆ ಅಂತ ಸಂಶಯ ಉಂಟು ಸರ್. ಗ್ರಂಥಾಲಯದ್ದು ಸುಮ್ಮನೆ ಹೆಸರಿಗೆ. ನಾನು ಮಾಡ್ತಾ ಇರುದು ಆನೆಯದ್ದು."

"ಆನೆಯದ್ದು ನುಸ್ರತ್ ಅವರದ್ದಲ್ಲವಾ?"

"ಅದೇ ಸರ್ ನಾನು ಹೇಳುದು."

ಡೊಂಬಯ್ಯ ಸರ್ ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸುವ ಅಭ್ಯಾಸದಿಂದ ಪ್ಯಾಂಟಿನ ಮೇಲೆ ಒರೆಸಿದರು. "ಹಾಗಾದ್ರೆ ಅವರು ನಿಮ್ಮದನ್ನು ನೋಡಿ ಮಾಡಿದ್ದು ಅಂತಲಾ?"

"ಹೆಸರು ಹೇಳುದು ಬೇಡ ಸರ್. ಒಬ್ಬರ ಮೇಲೆ ಸುಮ್ಮನೆ ಸಂಶಯ ಪಡುದು ಸರಿಯಲ್ಲ."

ಸರ್ ಮುಖದಲ್ಲಿ ಒಂದು ಗೆರೆ ಮೂಡಿತು. ಅಷ್ಟು ಸಾಕಾಗಿತ್ತು. ಹೊರಗೆ ಬಂದ ಸುಜಯನಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂತು. ನಾಳೆ ನುಸ್ರತ್ ಬಾಯಿ ಬಡಿದುಕೊಂಡರೂ, ಮೊದಲು ದೂರು ಹೇಳಿದವನು ತಾನು.

ಮರುದಿನ ಬೆಳಿಗ್ಗೆ ಮೊದಲ ಅವಧಿಗೆ ತರಗತಿ ಇರಲಿಲ್ಲ. ಎಕ್ಲಿಪ್ಸ್ ತೆರೆದ, ತನ್ನ ಫೋಲ್ಡರನ್ನು ಕೆಲಸದ ಜಾಗವೆಂದು ತೋರಿಸಿದ, ಇರುವ ಪ್ರಾಜೆಕ್ಟನ್ನು ಒಳಗೆ ತರುವ ಆಯ್ಕೆ ಒತ್ತಿದ, ನುಸ್ರತ್‌ಳ ಫೋಲ್ಡರ್ ತೋರಿಸಿದ, ಮುಗಿಸಿದ. ಎಷ್ಟೋ ನೂರು ಸಲ ಮಾಡಿದ ಕೆಲಸ, ಕೈ ತಾನಾಗಿ ಓಡಿತು. ಎಡಗಡೆಯ ಪಟ್ಟಿಯಲ್ಲಿ ಅವಳ ಪ್ರಾಜೆಕ್ಟ್ ಬಂದು ಕೂತಿತು. ನಿರೀಕ್ಷಿಸಿದ ಹಾಗೆಯೇ ಕೆಂಪು ಗುರುತುಗಳೂ ಬಂದವು. ಅವಳು ಹೊಸ ಜಾವಾ ಬಳಸಿದ್ದಳು, ಕಂಪ್ಯೂಟರ್ ಒಂದೇ ಆದರೂ ಇವನ ಕೆಲಸದ ಜಾಗ ಹಳೆಯ ಜಾವಾಕ್ಕೇ ಹೊಂದಿಸಿತ್ತು. ಅದನ್ನು ಬದಲಿಸಿದ. ಸಿಮ್ ಪೆಟ್ಟಿಗೆಯ ಜೊತೆ ಮಾತಾಡುವ ಫೈಲುಗಳು ಎಲ್ಲಿವೆ ಎಂದು ತೋರಿಸಿಕೊಟ್ಟ. ಕನ್ನಡದ ಸಂದೇಶಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ಅಕ್ಷರ ಓದುವ ಬಗೆಯನ್ನು ಯುನಿಕೋಡಿಗೆ ತಿರುಗಿಸಿದ ಕೂಡಲೇ "ಆನೆ ಬಂದಿದೆ, ಮಕ್ಕಳನ್ನು ಹೊರಗೆ ಬಿಡಬೇಡಿ" ಎಂಬ ಸಾಲು ಸ್ವಚ್ಛವಾಗಿ ಎದ್ದು ಬಂತು. ಕೆಂಪು ಒಂದೊಂದಾಗಿ ಕರಗಿತು. ಅವಳು ಕೇಳದ ಸಹಾಯವನ್ನು ಅವನು ಮಾಡಿ ಮುಗಿಸಿದ್ದ.

ಆಮೇಲೆ ಹೆಸರಿನ ಕೆಲಸ. ಪ್ರತಿ ಫೈಲಿನ ತಲೆಯಲ್ಲಿ ಅವಳ ಹೆಸರಿತ್ತು, ಅದನ್ನು ಅಳಿಸಿ ತನ್ನದು ಬರೆದ. ಪ್ರಾಜೆಕ್ಟಿಗೂ ಹೊಸ ಹೆಸರು ಇಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಓದುತ್ತಾ ಹೋದ ಹಾಗೆ ಅವಳ ಲೆಕ್ಕಾಚಾರದಲ್ಲಿ ಒಂದು ಕೊರತೆ ಕಂಡಿತು. ಸಂದೇಶಗಳು ಹೆಸರಿನ ಅಕ್ಷರ ಕ್ರಮದಲ್ಲಿ ಹೋಗುತ್ತಿದ್ದವು, ಆನೆಗೆ ಹತ್ತಿರದ ಮನೆಗೆ ಕೊನೆಗೆ ತಲುಪಿದರೂ ತಲುಪೀತು. ಸುಜಯ ಎರಡು ದಿನ ಕೂತು ಅದನ್ನು ತಿದ್ದಿದ. ಹತ್ತಿರದವರಿಗೆ ಮೊದಲು, ದೂರದವರಿಗೆ ನಂತರ. ಅದು ಓಡಿದಾಗ ಅವನಿಗೆ ನಿಜವಾಗಿ ಖುಷಿಯಾಯಿತು. ಏಳು ವರ್ಷದಲ್ಲಿ ಮೊದಲ ಸಲ ಅವನು ಆಕಳಿಕೆ ಬಾರದ ಏನನ್ನೋ ಬರೆದಿದ್ದ, ಬರೀ ರಿಪೇರಿ ಮಾಡಿರಲಿಲ್ಲ. ಇದು ಕದ್ದ ಮಾಲು ಎಂಬುದು ಒಂದಿಡೀ ಮಧ್ಯಾಹ್ನ ನೆನಪಿಗೇ ಬರಲಿಲ್ಲ.

ನೆನಪು ಮಾಡಿಸಿದ್ದು ಕೋಣೆ ಗುಡಿಸುವ ದೇವಮ್ಮ. ಪೊರಕೆ ಹಿಡಿದು ಅವನ ಬೆನ್ನ ಹಿಂದೆ ನಿಂತಿದ್ದಳು.

"ಅದು ಆನೆಯದ್ದಲ್ವಾ ಸರ್? ಮೇಡಂ ಹೇಳಿದ್ರು. ನಮ್ಮ ಅಣ್ಣನ ಮನೆ ಆ ಕಡೆಯೇ ಇರುದು."

"ಇದು ನನ್ನದು ದೇವಮ್ಮ."

"ಯಾರದ್ದಾದ್ರೂ ಆಗ್ಲಿ ಸರ್, ಬೇಗ ಆದ್ರೆ ಸಾಕು. ಅಣ್ಣನ ಮಗಳು ಒಬ್ಬಳೇ ನಡೆದು ಹೋಗುದು ಶಾಲೆಗೆ."

ಅವಳು ಹೋದ ಮೇಲೆ ಸುಜಯ ಪರದೆಯನ್ನು ಗೋಡೆಯ ಕಡೆ ತಿರುಗಿಸಿ ಕೂತ. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳು? ಮೇಡಂ ಹೇಳಿದ್ರು ಎಂದಳಲ್ಲ, ಮೇಡಂ ಮತ್ತೆ ಏನೇನು ಹೇಳಿದ್ದಾಳೆ? ಅಂದಿನಿಂದ ಅವನ ಎಚ್ಚರ ದುಪ್ಪಟ್ಟಾಯಿತು. ಪ್ರಾಜೆಕ್ಟನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಲಿಲ್ಲ, ಯಾರ ಕೈಗಾದರೂ ಸಿಕ್ಕಿದರೆ? ಮನೆಯ ಲ್ಯಾಪ್‌ಟಾಪಿಗೆ ಒಯ್ಯಲಿಲ್ಲ, ನಾಳೆ ತನಿಖೆ ಎಂದು ಅದನ್ನೂ ತೆಗೆದು ನೋಡಿದರೆ? ತನಗೆ ತಾನೇ ಇಮೇಲ್ ಕಳಿಸಿಕೊಳ್ಳುವ ಮೂರ್ಖತನವನ್ನಂತೂ ಮಾಡಲೇ ಇಲ್ಲ. ಸಾಕ್ಷಿ ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಎಲ್ಲವೂ ಆ ಒಂದು ಕಂಪ್ಯೂಟರಿನ ಒಳಗೇ ಇರಲಿ.

ಉಳಿದದ್ದು ಒಂದೇ ಕೆಲಸ, ನುಸ್ರತ್‌ಳ ಫೋಲ್ಡರನ್ನು ಇಲ್ಲವಾಗಿಸುವುದು. ಅದನ್ನು ಮೊದಲೇ ಮಾಡಿದರೆ ಯಾರಾದರೂ ಗಮನಿಸಿ ಗಲಾಟೆ ಎಬ್ಬಿಸಬಹುದು, ಕಂಪ್ಯೂಟರ್ ತಿಳಿದವರನ್ನು ಪುತ್ತೂರಿನಿಂದ ಕರೆಸಿ ಅಳಿಸಿದ್ದನ್ನು ಹೊರಗೆ ತೆಗೆಸಬಹುದು. ಪ್ರದರ್ಶನಕ್ಕೆ ಸ್ವಲ್ಪ ಮುಂಚೆ ಅಳಿಸಬೇಕು. ಮೊದಲು ತಾನು ತೋರಿಸಬೇಕು. ಆಮೇಲೆ ಅವಳು ಬರಿಗೈಯಲ್ಲಿ ನಿಂತು ಅದು ನನ್ನದು ಎಂದರೆ ನಂಬುವವರು ಯಾರು? ಎಲ್ಲೋ ಒಂದು ಹಳೆಯ ಪ್ರತಿ ಇಟ್ಟುಕೊಂಡಿದ್ದರೂ ಚಿಂತೆಯಿಲ್ಲ. ನನ್ನದನ್ನು ನೋಡಿ ಮಾಡಿದ್ದು ಅದೇ ಸರ್, ಎಂದರಾಯಿತು.

ಪ್ರದರ್ಶನದ ದಿನ ಅವನು ಕಂಪ್ಯೂಟರನ್ನು ಬೆಳಿಗ್ಗೆಯೇ ಸಭಾಂಗಣಕ್ಕೆ ಸಾಗಿಸಿದ. ಮೇಜಿನ ಮೇಲೆ ಜೋಡಿಸಿ, ದೊಡ್ಡ ಪರದೆಗೆ ಸಂಪರ್ಕ ಕೊಟ್ಟು, ಪ್ರಾಜೆಕ್ಟನ್ನು ತನ್ನ ನಂಬರು ಮಾತ್ರ ಹಾಕಿ ಒಂದು ಸಲ ಓಡಿಸಿ ನೋಡಿದ. ಅವನ ಫೋನಿಗೇ ಸಂದೇಶ ಬಂತು. ಎಕ್ಲಿಪ್ಸ್ ಮುಚ್ಚಿದ. ಅಷ್ಟರಲ್ಲಿ ನುಸ್ರತ್ ಬಂದಳು, ಕೈಯಲ್ಲಿ ಮೆಹೆಂದಿ, ಒಂದು ಸ್ಟೀಲ್ ಡಬ್ಬಿ.

"ಸುಜಯ್ ಸರ್, ಮದುವೆದು ಸ್ವೀಟ್. ನಿಮಗೆ ಅಂತ ಉಮ್ಮ ಬೇರೆ ಕಟ್ಟಿ ಕೊಟ್ಟದ್ದು."

"ನನಗೆ ಎಂತಕ್ಕೆ ಮೇಡಂ?"

"ನೀವು ಇದ್ದೀರಿ ಅಂತ ಧೈರ್ಯದಲ್ಲಿ ನಾನು ಸಿಸ್ಟಮ್ ಬಿಟ್ಟು ಹೋದದ್ದಲ್ವಾ? ನನ್ನದು ಒಮ್ಮೆ ಓಡಿಸಿ ನೋಡ್ಲಾ?"

ಸುಜಯ ಬಾಗಿ ಒಂದು ವಯರ್ ಹಿಡಿದುಕೊಂಡ. ಇವಳಿಗೆ ಗೊತ್ತಾಗಿದೆಯೇ? ಗೊತ್ತಿದ್ದೇ ಸ್ವೀಟ್ ತಂದಿದ್ದಾಳೆಯೇ? ಮುಖ ನೋಡಿದ, ಅಲ್ಲಿ ನಿದ್ದೆಗೆಟ್ಟ ಕಣ್ಣು ಬಿಟ್ಟರೆ ಏನೂ ಇರಲಿಲ್ಲ.

"ವಯರ್ ಎಲ್ಲ ಜೋಡಿಸ್ತಾ ಇದ್ದೇನೆ. ನೀವು ಕೈಕಾಲು ಮುಖ ತೊಳೆದು ಊಟ ಮಾಡಿ ಬನ್ನಿ. ನಿಮ್ಮದು ಹೇಗೂ ಎರಡನೆಯದ್ದು."

ಅವಳು ತಲೆಯಾಡಿಸಿ ಹೋದಳು. ಸುಜಯ ಬಾಗಿಲ ಕಡೆ ಒಮ್ಮೆ ನೋಡಿದ. ಅವಳ ಹೆಸರಿನ ಫೋಲ್ಡರನ್ನು ಆರಿಸಿ, ಕಸದ ಬುಟ್ಟಿಗೂ ಹೋಗದ ಹಾಗೆ ನೇರವಾಗಿ ಅಳಿಸಿದ. ಆಮೇಲೆ ಡಬ್ಬಿ ತೆರೆದು ಒಂದು ಸ್ವೀಟ್ ತಿಂದ, ಚೆನ್ನಾಗಿತ್ತು.

ಮಧ್ಯಾಹ್ನ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯವರು, ಅರಣ್ಯ ಇಲಾಖೆಯ ಅಧಿಕಾರಿ, ಡೊಂಬಯ್ಯ ಸರ್. ಬದಿಯಲ್ಲಿ ನುಸ್ರತ್. ಹಿಂದಿನ ಬಾಗಿಲಿನಲ್ಲಿ ದೇವಮ್ಮನೂ ಬಂದು ನಿಂತಿದ್ದಳು. ಕಾಡಿನ ಅಂಚಿನ ಮಕ್ಕಳ ಬಗ್ಗೆ ಸುಜಯ ಎರಡು ಒಳ್ಳೆಯ ಮಾತು ಹೇಳಿದ. "ಈ ಕೆಲಸವನ್ನು ನಾನೊಬ್ಬನೇ, ಯಾರಿಗೂ ತಿಳಿಯದ ಹಾಗೆ ಮಾಡಿದ್ದೇನೆ" ಎಂದ. ನುಸ್ರತ್ ಕೂತಲ್ಲಿಂದ ಅರ್ಧ ಎದ್ದಳು. ಡೊಂಬಯ್ಯ ಸರ್ ಕೈ ತೋರಿಸಿ ಕೂರಿಸಿದರು. ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯುತ್ತಿತ್ತು. ಸುಜಯ ಎಕ್ಲಿಪ್ಸ್ ತೆರೆದು, ತನ್ನ ಪ್ರಾಜೆಕ್ಟಿನ ಹೆಸರನ್ನು ಒತ್ತಿದ.

ಅದು ತೆರೆಯಲಿಲ್ಲ. ದೊಡ್ಡ ಪರದೆಯ ನಡುವೆ ಒಂದು ಚಿಕ್ಕ ಕಿಟಕಿ ಮೂಡಿತು. ಈ ಪ್ರಾಜೆಕ್ಟ್ ಇರಬೇಕಾದ ಜಾಗದಲ್ಲಿ ಸಿಗುತ್ತಿಲ್ಲ ಎಂದು ಬರೆದು, ಯಾವ ಜಾಗ ಎಂಬುದನ್ನೂ ಅದರ ಕೆಳಗೆ ಬರೆದಿತ್ತು. ಡಿ ಡ್ರೈವ್, ನುಸ್ರತ್, ಆನೆ. ಸುಜಯ ಮುಚ್ಚಿ ಮತ್ತೆ ಒತ್ತಿದ. ಕಿಟಕಿ ಮತ್ತೆ ಬಂತು. ತನ್ನ ಫೋಲ್ಡರನ್ನೇ ತೆರೆದು ನೋಡಿದ. ಎಕ್ಲಿಪ್ಸ್ ತನಗಾಗಿ ಇಟ್ಟುಕೊಳ್ಳುವ ಒಂದಿಷ್ಟು ಚೂರುಪಾರು ಮತ್ತು ಗ್ರಂಥಾಲಯದ ಪ್ರೋಗ್ರಾಂ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

"ಸುಜಯ್," ಡೊಂಬಯ್ಯ ಸರ್ ದನಿ ಏರಿಸಲಿಲ್ಲ. "ನಿಮ್ಮ ಪ್ರಾಜೆಕ್ಟ್ ನುಸ್ರತ್ ಅವರ ಫೋಲ್ಡರಿನಲ್ಲಿ ಎಂತಕ್ಕೆ ಇತ್ತು?"

"ಅದು ನನ್ನ ಫೋಲ್ಡರ್," ಎಂದಳು ನುಸ್ರತ್. "ಎಲ್ಲಿ ಹೋಯ್ತು ಅದು?" ಅವಳು ಚೀಲಕ್ಕೆ ಕೈ ಹಾಕಿ ಒಂದು ಪೆನ್ ಡ್ರೈವ್ ತೆಗೆದಳು. "ರಜೆಗೆ ಹೋಗುವ ಮೊದಲಿನದ್ದು ನನ್ನ ಹತ್ರ ಉಂಟು ಸರ್. ತೋರಿಸ್ಲಾ?" ಸುಜಯ ಆ ಮಾತಿಗೆಂದೇ ಒಂದು ಉತ್ತರ ಸಿದ್ಧ ಮಾಡಿಟ್ಟಿದ್ದ. ಈಗ ಪರದೆಯೇ ಅದನ್ನು ಸುಳ್ಳು ಮಾಡಿತ್ತು.

ಆಗ ಅವನಿಗೆ ಹೊಳೆಯಿತು. ಪ್ರಾಜೆಕ್ಟನ್ನು ಒಳಗೆ ತರುವಾಗ ಕೆಳಗಡೆ ಒಂದು ಚಿಕ್ಕ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ಪ್ರಾಜೆಕ್ಟಿನ ಒಂದು ನಕಲು ನಮ್ಮ ಫೋಲ್ಡರಿಗೆ ಬರುತ್ತದೆ. ಹಾಕದಿದ್ದರೆ ಅದು ಇದ್ದಲ್ಲೇ ಇರುತ್ತದೆ, ನಾವು ಇಲ್ಲಿ ಕೂತು ಅಲ್ಲಿನದನ್ನೇ ತಿದ್ದುತ್ತೇವೆ. ಏಳು ವರ್ಷ ಅವನು ಆ ಚೌಕವನ್ನು ಮುಟ್ಟಿರಲಿಲ್ಲ, ಏಕೆಂದರೆ ತಿದ್ದಿದ್ದು ಮಕ್ಕಳ ಫೋಲ್ಡರಿನಲ್ಲೇ ಉಳಿಯಬೇಕಿತ್ತು. ನುಸ್ರತ್‌ಳದನ್ನು ಒಳಗೆ ತಂದ ಬೆಳಿಗ್ಗೆಯೂ ಕೈ ಅದನ್ನು ಮುಟ್ಟದೆ ಮುಂದೆ ಹೋಗಿತ್ತು. ಒಂದಿಡೀ ವಾರ ಅವನು ತನ್ನ ಹೆಸರು ಬರೆದದ್ದು, ಹತ್ತಿರದ ಮನೆಗೆ ಮೊದಲು ಸಂದೇಶ ಹೋಗುವ ಹಾಗೆ ಮಾಡಿದ್ದು, ಎಲ್ಲವೂ ಅವಳ ಫೋಲ್ಡರಿನೊಳಗೆ. ಅದನ್ನು ಅಳಿಸದೆ ಬಿಟ್ಟಿದ್ದರೆ ಆನೆಯ ಪ್ರಾಜೆಕ್ಟ್ ಇವತ್ತು ಅವನ ಹೆಸರಿನಲ್ಲೇ, ಚೆನ್ನಾಗಿಯೇ ಓಡುತ್ತಿತ್ತು.