ಬೀಸುಕಲ್ಲಿನ ಮುಖಪುಟ

ಲಕೋಟೆಯೊಳಗೆ ಖಾಲಿ ಹಾಳೆ ಇತ್ತು.

ಅಂದಪ್ಪ ಸರ್ ಅದನ್ನು ತಿರುವಿ ನೋಡಿದರು. ಹಿಂದೆಯೂ ಖಾಲಿ. ಲಕೋಟೆಯನ್ನು ತಲೆಕೆಳಗೆ ಮಾಡಿ ಕೊಡವಿದರು. ಏನೂ ಬೀಳಲಿಲ್ಲ.

"ರತ್ನವ್ವ, ಇದೇನವಾ?"

ಹುಡುಗಿಯ ಮುಖ ಬಿಳಿಚಿಕೊಂಡಿತು. "ನಾ ಚಿತ್ರಾ ಹಾಕಿ ಕೊಟ್ಟೇನ್ರಿ ಸರ್. ನಿನ್ನಿ ಸಂಜಿಮುಂದ ನಿಮ್ಮ ಕೈಯಾಗ ಕೊಟ್ಟೇನಿ."

"ನಾ ಬಿಚ್ಚಿ ನೋಡಿಲ್ಲಲ್ಲ. ನೂಲು ಸುತ್ತಿದ್ದಂಗ ಅಲಮಾರಿಯೊಳಗ ಇಟ್ಟೇನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಚಿತ್ರ ಮುಗಿಸಲು ಆಗದೆ ಖಾಲಿ ಹಾಳೆ ಕೊಟ್ಟು ಈಗ ಕಳವಿನ ನಾಟಕ ಹೂಡಿದ್ದಾಳೆ ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು.

ನಾನು ಅಮಾತೆಪ್ಪ, ಬಾಗಲಕೋಟೆಯ ಒಂದು ವಾರಪತ್ರಿಕೆಯ ವರದಿಗಾರ. ಎಂಬತ್ತಾರನೆಯ ಇಸವಿಯ ಆ ಶುಕ್ರವಾರ ಇಳಕಲ್ಲಿಗೆ ಬಂದದ್ದು ಕಾಲು ಕಾಲಂ ಒಳ್ಳೆಯ ಸುದ್ದಿ ಬರೆಯಲಿಕ್ಕೆ. ಕಾಲೇಜಿನ ಹುಡುಗರು ಟೇಪ್ ರೆಕಾರ್ಡರ್ ಹೊತ್ತು ಬೇವೂರು, ಕೆರೂರ, ಮಹಾಕೂಟ ಸುತ್ತಿ ಮುದುಕಿಯರ ಬೀಸುಕಲ್ಲಿನ ಪದ ತುಂಬಿಕೊಂಡು ಬಂದಿದ್ದರು. ಅದರದೊಂದು ಕ್ಯಾಸೆಟ್ ಮಾಡಿ ವಿಶ್ವವಿದ್ಯಾಲಯದ ಸ್ಪರ್ಧೆಗೆ ಕಳಿಸಬೇಕು. ಡಬ್ಬಿಗೆ ಅಚ್ಚುಹಾಕಿದ ಮುಖಪುಟ ಬೇಕು. ಇಬ್ಬರು ಅದನ್ನು ಬರೆಯುತ್ತಿದ್ದರು, ಒಬ್ಬಳು ನೇಕಾರರ ರತ್ನವ್ವ, ಇನ್ನೊಬ್ಬ ಹುನಗುಂದದ ಹೊಳಬಸಪ್ಪ. ಆಯ್ಕೆಯಾದವರಿಗೆ ಚಿತ್ರಕಲಾ ಶಾಲೆಯ ಪುಕ್ಕಟೆ ಸೀಟಿಗೆ ಅಂದಪ್ಪ ಸರ್ ಪತ್ರ ಕೊಡುವುದಾಗಿ ಹೇಳಿದ್ದರು. ಅವರು ಕನ್ನಡದ ಅಧ್ಯಾಪಕರು, ಈ ಕೆಲಸದ ಯಜಮಾನರು.

ಹೊಳಬಸಪ್ಪನ ಲಕೋಟೆಯಲ್ಲಿ ಚಿತ್ರವೇನೋ ಇತ್ತು. ಇಬ್ಬರು ಹೆಂಗಸರು, ಬೀಸುಕಲ್ಲು, ಗುಡಿಸಲು, ಆಕಳು, ಸೂರ್ಯ, ಒಂದನ್ನೂ ಬಿಟ್ಟಿರಲಿಲ್ಲ. ಕೆಂಪು ಬಣ್ಣ ಹರಡಿ ಹಸಿರಿನೊಳಗೆ ನುಗ್ಗಿತ್ತು.

"ಇದನ್ನ ಅಚ್ಚಿನ ಬ್ಲಾಕ್ ಮಾಡಿದ್ರ ಬರೇ ಕಲೆ ಬೀಳ್ತಾವ," ಎಂದರು ಸರ್. "ನ್ಯೂಸ್‌ಪ್ರಿಂಟ್ ಬಣ್ಣಾ ಕುಡೀತದ, ಹುಷಾರ್ ಅಂತ ಹಾಳಿ ಕೊಡೂಮುಂದ ಹೇಳಿದ್ದೆ."

ಇಬ್ಬರಿಗೂ ಕಾಲೇಜಿನ ಒಂದೇ ಕಟ್ಟಿನಿಂದ ಐದೈದು ಹಾಳೆ ಕೊಟ್ಟಿದ್ದರಂತೆ.

ಹೊರಗೆ ಬೇವಿನ ಗಿಡದ ಕೆಳಗೆ ರತ್ನವ್ವ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

"ಅಪ್ಪ ಹೇಳಿಬಿಟ್ಟಾನ್ರಿ. ಸೀಟು ಸಿಕ್ರ ಓದು, ಇಲ್ಲಂದ್ರ ಸೋಮವಾರದಿಂದ ಮಗ್ಗದಾಗ ಕೂಡು ಅಂತ."

"ಇವತ್ತ ಶುಕ್ರವಾರ," ಎಂದೆ ನಾನು. ಹಾಗೆ ಹೇಳಬಾರದಿತ್ತು.

ಖಾಲಿ ಹಾಳೆಯನ್ನು ಸರ್ ಮೇಜಿನ ಮೇಲೆ ಬಿಟ್ಟಿದ್ದರು. ಕೇಳಿ ಇಸಿದುಕೊಂಡೆ. "ತಗೊಂಡು ಏನ್ ಮಾಡ್ತೀರಿ, ತಗೋರಿ," ಎಂದರು.

* * *

ಇಳಕಲ್ಲಿನಲ್ಲಿ ನನಗೆ ತಲೆ ಕೆಟ್ಟಾಗ ಹೋಗುವ ಜಾಗ ಒಂದೇ. ಪೇಟೆಯ ಖಾಸಗಿ ದವಾಖಾನೆಯ ಕಂಪೌಂಡರ್ ಅಕ್ಬರಸಾಬ. ಮೂವತ್ತು ವರ್ಷದಿಂದ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಾನೆ. ಹೇಗೆ ಗಾಯವಾಯಿತು ಎಂದು ಜನ ಹೇಳುವ ಸುಳ್ಳು, ಗಾಯವೇ ಹೇಳುವ ಖರೆ, ಎರಡನ್ನೂ ದಿನಾ ಕೇಳಿ ಅವನ ಕಣ್ಣು ಚೂಪಾಗಿದೆ. ಸೊಸೈಟಿಯ ಸೈಕಲ್ ಕದ್ದವನನ್ನು ಅವನ ಮೊಣಕಾಲಿನ ತರಚು ನೋಡಿಯೇ ಹಿಡಿದುಕೊಟ್ಟಿದ್ದ.

ಹಾಳೆಯನ್ನು ಬೆಳಕಿಗೆ ಹಿಡಿದ. ಮೂಸಿದ. ಜೇಬಿಗೆ ಇಳಿಸಿದ.

"ಹೊಳಬಸಪ್ಪಂದ ಕೆಲಸ," ಎಂದೆ. "ಸೀಟಿಗೆ ಪೈಪೋಟಿ ಇದ್ದಾಂವ ಆಂವೊಬ್ಬನ."

"ಅಮಾತೆಪ್ಪ, ನೀ ಪೇಪರ್‌ನಾವ. ನಿನಗ ಹೆಡ್ಡಿಂಗ್ ಮೊದಲ ಬೇಕು," ಎಂದ. "ನಡಿ, ಹುಡುಗನ್ನ ಕೇಳೋಣು."

ಹೊಳಬಸಪ್ಪ ಹೋಟೆಲಿನಲ್ಲಿ ಸಿಕ್ಕ. ಅಂಗಿಯ ತೋಳಿನ ತುದಿಗೆ ಕೆಂಪು ಬಣ್ಣ ಹತ್ತಿತ್ತು. ನಾನು ಅಕ್ಬರಸಾಬನ ಪಕ್ಕೆಗೆ ತಿವಿದೆ. ಅವನು ಲಕ್ಷ್ಯ ಕೊಡಲಿಲ್ಲ.

"ನಿನ್ನಿ ಲಕೋಟಿ ಕೊಟ್ಟು ಎಲ್ಲಿ ಹೋದ್ಯೋ?"

"ಐದರ ಬಸ್ಸಿಗೆ ಹುನಗುಂದಕ್ಕ ಹೋದ್ನಿರಿ. ಇವತ್ತ ಮುಂಜಾನೆ ಬಂದೇನಿ. ಕಂಡಕ್ಟರ್ ನಮ್ಮ ಮಾವನ ಅದಾನ, ಕೇಳ್ರಿ." ಹುಡುಗ ಚಹಾದ ಕಪ್ಪು ಕೆಳಗಿಟ್ಟ. "ಆಕೀದು ನಾ ಕದ್ದಿದ್ರ ನಂದು ಅಂತ ಅದನ್ನ ಕೊಡ್ತಿದ್ನಲ್ರಿ. ಈ ಹರಡಿದ್ದನ್ನ ಕೊಟ್ಟು ಯಾಕ ನಗಿಸಿಕೊಳ್ಳಲಿ?"

ಮಾತಿನಲ್ಲಿ ಅರ್ಥವಿತ್ತು. ನನ್ನ ಹೆಡ್ಡಿಂಗ್ ಅಲ್ಲಿಗೇ ಹೋಯಿತು.

ಕಾಲೇಜಿನ ಸಿಪಾಯಿ ಹುಲ್ಲಪ್ಪ ಗೇಟಿನ ಬಳಿ ಕೂತಿದ್ದ. ಅಲಮಾರಿಯ ಕೀಲಿ ಅವನ ಉಡಿದಾರದಲ್ಲಿ ಇರುತ್ತದೆ ಎಂದು ಹುಡುಗರು ಹೇಳಿದ್ದರು. ಕೀಲಿ ಎನ್ನುತ್ತಲೇ ಸಿಡಿದುಬಿದ್ದ.

"ಇಪ್ಪತ್ತು ವರ್ಷ ಆತ್ರಿ, ಒಂದು ಸೀಮೆಸುಣ್ಣಾ ಮನಿಗೆ ಒಯ್ದಾಂವಲ್ಲ ನಾ. ನಿನ್ನಿ ಕೀಲಿ ನನ್ನ ಹತ್ರ ಎಲ್ಲಿತ್ತು? ಅಂದಪ್ಪ ಸರ್ ಇಸ್ಕೊಂಡ್ರು. ಓದೂದು ಐತಿ, ನೀ ಹೋಗು ಅಂದ್ರು. ನಾ ಮನಿಗೆ ಹೋದೆ."

"ಕೀಲಿ ಯಾವಾಗ ಕೊಟ್ರು?"

"ಇವತ್ತ ಮುಂಜಾನೆ."

ಅಕ್ಬರಸಾಬ ಅವನಿಗೆ ಬೀಡಿ ಕೊಟ್ಟು ಎದ್ದ. ಅಧ್ಯಾಪಕರು ತಡವಾಗಿ ಕೂತು ಓದುವುದು ಹೊಸದೇನಲ್ಲ ಎಂದುಕೊಂಡು ನಾನೂ ಅವನ ಹಿಂದೆ ನಡೆದೆ.

* * *

ಶನಿವಾರ ಬೆಳಿಗ್ಗೆ ನೇಕಾರ ಓಣಿಗೆ ಹೋದೆವು. ಓಣಿಯುದ್ದಕ್ಕೂ ಸೀರೆಯ ಹಾಸಿನ ನೂಲು, ಉದ್ದಕ್ಕೆ ಬರುವ ಎಳೆಗಳನ್ನು, ಎಳೆದು ಕಟ್ಟಿದ್ದರು. ರತ್ನವ್ವನ ತಾಯಿ ಕಾಳವ್ವ ಉದ್ದನೆಯ ಕುಂಚ ಹಿಡಿದು ನೂಲಿಗೆ ಗಂಜಿ ಸವರುತ್ತಿದ್ದಳು. ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೇ ದಿಕ್ಕಿಗೆ. ಒಳಗೆ ಅಪ್ಪ ರಾಮಲಿಂಗಪ್ಪನ ಮಗ್ಗ ಬಡಿಯುತ್ತಿತ್ತು.

"ಎಷ್ಟು ಸಲ ಬರದಿ ತಂಗಿ?" ಅಕ್ಬರಸಾಬ ಕಟ್ಟೆಯ ಮೇಲೆ ಕೂತು ಕೇಳಿದ.

"ಮೂರು ಸಲರಿ. ಮೊದಲನೇದ್ರಾಗ ಎಲ್ಲಾ ಇತ್ತು, ಗುಡಿ, ಗಿಡ, ಮಂದಿ. ಕ್ಯಾಸೆಟ್ ಡಬ್ಬಿ ಅಂಗೈಯಷ್ಟು ಇರ್ತದ, ಮಂದಿ ನೊಣದಂಗ ಕಾಣ್ತಾರ ಅಂದ್ರು ಸರ್. ಎರಡನೇದ್ರಾಗ ಇಬ್ಬರ ಹೆಣ್ಮಕ್ಕಳನ್ನ ಬರದೆ. ಮಾರಿ ಕಾಣೂದಿಲ್ಲ ಅಂದ್ರು."

"ಮೂರನೇದು?"

"ಮಾರೀನ ತಗದೆ. ಮ್ಯಾಲಿಂದ ನೋಡಿದಂಗ ಬರೇ ಬೀಸುಕಲ್ಲು. ಒಂದು ಗೂಟ, ನಾಕು ಕೈ. ಕಲ್ಲಿನ ಸುತ್ತ ಬೀಳೂ ಹಿಟ್ಟು ನಮ್ಮ ಸೆರಗಿನ ಕೆಂಪು ಬಿಳಿ ಪಟ್ಟಿ ಆಗ್ತದ." ಅವಳ ಬೆರಳು ಗಾಳಿಯಲ್ಲಿ ಒಂದು ಸುತ್ತು ತಿರುಗಿತು. "ಅದನ್ನ ಯಾರಿಗೂ ತೋರ್ಸಿರಲಿಲ್ರಿ. ಕೆಳಗ ಹೆಸರು ಬರದು ಲಕೋಟಿಗೆ ಹಾಕಿದೆ."

"ಹೊಳಬಸಪ್ಪಂದು ಬಣ್ಣಾ ಹರಡಿತ್ತು. ನಿಂದು ಹರಡಲಿಲ್ಲೇನು?"

ಹುಡುಗಿ ಅವನನ್ನು ವಿಚಿತ್ರವಾಗಿ ನೋಡಿದಳು.

"ಗಂಜಿ ಹಾಕಿದ ಮ್ಯಾಲೆ ಹೆಂಗ ಹರಡ್ತದ್ರಿ?"

ಅಕ್ಬರಸಾಬ ನೆಟ್ಟಗೆ ಕೂತ. "ಯಾವ ಹಾಳಿಗೆ ಹಾಕಿದಿ?"

"ಐದಕ್ಕೂ. ತಂದ ದಿವಸಾನ ಹಾಕಿದೆ. ಅವ್ವ ಹಾಸಿನ ನೂಲಿಗೆ ಗಂಜಿ ಹಾಕಾಕತ್ತಿದ್ಲು, ಅದ ಕುಂಚ ತಗೊಂಡು ನಾನೂ ಸವರಿ ಒಣಗಿಸಿದೆ."

"ಇದನ್ನ ನಿನ್ನಿ ಯಾಕ ಹೇಳಲಿಲ್ಲ?"

"ಅದರಾಗ ಹೇಳೂದೇನೈತ್ರಿ?"

ಅವಳ ಮಾತೂ ಸರಿಯೇ. ಆ ಓಣಿಯಲ್ಲಿ ಗಂಜಿ ಹಾಕದ ಹಸಿ ನೂಲನ್ನು ಯಾರೂ ಮಗ್ಗಕ್ಕೆ ಏರಿಸುವುದಿಲ್ಲ. ಅದು ಅವರಿಗೆ ಮುಖ ತೊಳೆದಷ್ಟು ಮಾಮೂಲು.

ಅಕ್ಬರಸಾಬ ಜೇಬಿನಿಂದ ಖಾಲಿ ಹಾಳೆ ತೆಗೆದ. ಕೊಡದ ನೀರಿಗೆ ಬೆರಳು ಅದ್ದಿ ಒಂದು ಹನಿ ಬಿಟ್ಟ. ಹನಿ ಕ್ಷಣದಲ್ಲಿ ಒಳಗಿಳಿದು ರೂಪಾಯಿಯಗಲ ಹರಡಿತು. ರತ್ನವ್ವನ ಬಳಿ ಉಳಿದಿದ್ದ ಹಾಳೆ ತರಿಸಿ ಅದರ ಮೇಲೂ ಒಂದು ಹನಿ ಬಿಟ್ಟ. ಅದು ಬಿದ್ದಲ್ಲೇ ಗುಂಡಗೆ ಕೂತಿತು.

"ಖಾಲಿ ಹಾಳಿ ಈ ಮನೀದಲ್ಲ," ಎಂದ. "ಕಾಲೇಜಿನ ಕಟ್ಟಿನಿಂದ ತಗದು ಹಾಕ್ಯಾರ. ಹುಡುಗಿ ಖರೆ ಹೇಳಾಕತ್ತಾಳ."

ಕಾಳವ್ವ ಕುಂಚ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. ಹಣೆಗೆ ಗಂಜಿ ಮೆತ್ತಿತು. ಒಳಗೆ ಮಗ್ಗ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

* * *

ಮಧ್ಯಾಹ್ನ ಅಂದಪ್ಪ ಸರ್ ನನ್ನನ್ನು ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೇ ಬಂದರು. ಕೈಯಲ್ಲಿ ಸುತ್ತಿದ ಕಾಗದ.

"ಬಾಗಲಕೋಟಿಗೆ ಹೊಂಟೀರಲ್ಲ, ಇದನ್ನ ಪ್ರೆಸ್ಸಿಗೆ ಕೊಟ್ಟುಬಿಡ್ರಿ. ಸೋಮವಾರ ಬ್ಲಾಕ್ ಆಗಬೇಕು. ಹುಡುಗರನ್ನ ನಂಬಿ ಕೂತ್ರ ಸ್ಪರ್ಧಾ ತಪ್ಪತದ. ನಿನ್ನಿ ಮನ್ಯಾಗ ಕೂತು ನಾನ ಒಂದು ಮಾಡಿದೆ."

"ನೀವೂ ಚಿತ್ರಾ ಬರೀತೀರೇನ್ರಿ?"

"ಹುಡುಗ ಇದ್ದಾಗ ಭಾಳ ಬರೀತಿದ್ದೆ." ಒಂದು ಕ್ಷಣ ಅವರ ದನಿ ಮೆತ್ತಗಾಯಿತು. "ಮುಖಪುಟದವರ ಹೆಸರು ಒಳಗ ಅಚ್ಚಾಗ್ತದ. ನಂದ ಹಾಕಾಕ ಹೇಳ್ರಿ."

"ನ್ಯೂಸ್‌ಪ್ರಿಂಟ್ ಮ್ಯಾಲೇನ?"

"ಅದರ ಮ್ಯಾಲೇ, ನೆಟ್ಟಗ ಬಣ್ಣಾ ಹಚ್ಚಿದೆ. ಕೈ ಪಳಗಿದ್ರ ಹರಡೂದಿಲ್ಲ."

ಅವರು ಹೋದ ಮೇಲೆ ಸುರುಳಿ ಬಿಚ್ಚಿದೆ. ಒಂದು ಗೂಟ, ನಾಕು ಕೈ, ಸುತ್ತ ಕೆಂಪು ಬಿಳಿ ಪಟ್ಟಿ. ಕೆಳ ಅಂಚನ್ನು ಬ್ಲೇಡಿನಿಂದ ಸಣ್ಣಗೆ ಕೊಯ್ದು ತೆಗೆದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸು ಹೋದರೆ ಹೋಗಲಿ ಎಂದು ದವಾಖಾನೆಗೆ ಓಡಿದೆ.

* * *

ಒಂದು ತಾಸಿನಲ್ಲಿ ಎಲ್ಲರೂ ಪ್ರಿನ್ಸಿಪಾಲರ ಕೋಣೆಯಲ್ಲಿದ್ದೆವು. ರತ್ನವ್ವ, ಅವಳ ಅಪ್ಪ, ಹುಲ್ಲಪ್ಪ, ಅಂದಪ್ಪ ಸರ್. ಮೇಜಿನ ಮೇಲೆ ಚಿತ್ರ.

"ಇದು ನಂದ್ರಿ," ಎಂದಳು ರತ್ನವ್ವ.

ಸರ್ ನಕ್ಕರು. "ಮಂದಿ ಕಡಿಮಿ ಮಾಡು, ಮಾರಿ ಕಾಣೂದಿಲ್ಲ ಅಂತ ಎರಡು ಸಲ ಹೇಳಿಕೊಟ್ಟಾಂವ ನಾ. ಆಕೀ ತಲ್ಯಾಗೂ ಇಂಥಾದ ಬಂದಿದ್ರ ಅದೂ ನಾ ಕಲಿಸಿದ್ದ."

ಪ್ರಿನ್ಸಿಪಾಲರು ತಲೆಯಾಡಿಸಿದರು. ಹನ್ನೆರಡು ವರ್ಷದ ಅಧ್ಯಾಪಕರ ಮಾತಿನ ಮುಂದೆ ನೇಕಾರರ ಹುಡುಗಿಯ ಮಾತು ಎಷ್ಟು ತೂಗೀತು?

"ಒಂದ ಪ್ರಶ್ನೆ ಸರ್," ಎಂದ ಅಕ್ಬರಸಾಬ. "ಬಣ್ಣಾ ಹಚ್ಚೂಕಿಂತ ಮೊದಲ ಹಾಳಿಗೆ ಏನರೆ ಹಚ್ಚಿದ್ರೇನು?"

"ಏನೂ ಇಲ್ಲ. ಕಟ್ಟಿನಿಂದ ತಗದೆ, ಬರದೆ. ಇವರಿಗೂ ಹೇಳೇನಿ."

ನಾನು ಹೌದೆಂದೆ. ಅಕ್ಬರಸಾಬ ಚೀಲದಿಂದ ಟಿಂಚರ್ ಅಯೋಡಿನ್ ಸೀಸೆ, ಹತ್ತಿ ತೆಗೆದ. ಗಾಯಕ್ಕೆ ಹಚ್ಚುವ ಅದೇ ಕಂದು ಔಷಧ.

"ಗಂಜಿಗೆ ಇದು ಹತ್ತಿದ್ರ ನೀಲಿಗಪ್ಪ ಆಗ್ತದ. ಗಂಜಿ ಇಲ್ಲಂದ್ರ ಕಂದು ಬಣ್ಣಾನ ಉಳೀತದ. ಪ್ರಿನ್ಸಿಪಾಲರ, ಕಾಲೇಜಿನ ಕಟ್ಟಿನಿಂದ ನೀವ ಒಂದು ಹಾಳಿ ತಗೋರಿ."

ಪ್ರಿನ್ಸಿಪಾಲರು ಕಪಾಟಿನಿಂದ ತೆಗೆದರು. ಹತ್ತಿ ಒತ್ತಿದಲ್ಲಿ ಕಂದು ಕಲೆ ಬಿತ್ತು, ಕಂದಾಗಿಯೇ ಉಳಿಯಿತು. ಲಕೋಟೆಯ ಖಾಲಿ ಹಾಳೆಯ ಮೇಲೂ ಕಂದು. ರತ್ನವ್ವನ ಮನೆಯ ಹಾಳೆಯ ಮೇಲೆ ಒತ್ತಿದ. ನೀಲಿಗಪ್ಪು.

"ಈಗ ಇದು." ಚಿತ್ರದ ಮೇಲಂಚು ತೋರಿಸಿದ. "ಈ ಅರ್ಧ ಇಂಚು ಪ್ರೆಸ್ಸಿನವರು ಹೆಂಗೂ ಕತ್ತರಸ್ತಾರ. ಚಿತ್ರಕ್ಕ ಧಕ್ಕೆ ಇಲ್ಲ."

ಹತ್ತಿಯನ್ನು ಅಂಚಿನುದ್ದ ಎಳೆದ. ಕಂದು ಮೊದಲು ಕಾಣಿಸಿತು. ಆಮೇಲೆ ನೀಲಿಗಪ್ಪಾಯಿತು. ಅದರೊಳಗೆ ಸಣ್ಣ ಸಣ್ಣ ಗೆರೆಗಳು, ಎಲ್ಲವೂ ಒಂದೇ ದಿಕ್ಕಿಗೆ.

"ಕುಂಚದ ಗೆರಿ," ಎಂದ ರಾಮಲಿಂಗಪ್ಪ. ಮೇಜಿನ ಮೇಲೆ ಬಾಗಿದ. "ನಮ್ಮ ಮನೀ ಕುಂಚದ್ದು. ನಡುವ ಎಳಿ ಉದುರಿ ಒಂದು ಕಡೆ ತೆಳ್ಳಗ ಐತಿ, ನೋಡ್ರಿ."

ಅಕ್ಬರಸಾಬ ರತ್ನವ್ವನ ಮನೆಯ ಹಾಳೆಯ ಅಂಚಿಗೂ ಹತ್ತಿ ಎಳೆದು ಎರಡನ್ನೂ ಅಕ್ಕಪಕ್ಕ ಇಟ್ಟ. ಎರಡರಲ್ಲೂ ಗೆರೆಗಳ ನಡುವೆ ಅದೇ ತೆಳುಪಟ್ಟಿ ಇತ್ತು.

ಅಂದಪ್ಪ ಸರ್ ಕುರ್ಚಿಯ ಹಿಡಿಕೆ ಹಿಡಿದುಕೊಂಡರು.

"ಗುರುವಾರ ಕೀಲಿ ನೀವ ಇಸ್ಕೊಂಡ್ರಿ," ಎಂದ ಅಕ್ಬರಸಾಬ. ದನಿ ಏರಿಸಲಿಲ್ಲ. "ಹುಲ್ಲಪ್ಪನ್ನ ಮನಿಗೆ ಕಳಿಸಿದ್ರಿ. ಆಕೀ ಲಕೋಟಿ ಬಿಚ್ಚಿ ಚಿತ್ರಾ ತಗದು ಕಾಲೇಜಿನ ಖಾಲಿ ಹಾಳಿ ತುಂಬಿದ್ರಿ. ಹೆಸರಿದ್ದ ಅಂಚು ಕೊಯ್ದ್ರಿ. ಆದ್ರ ಗಂಜಿ ಕಣ್ಣಿಗೆ ಕಾಣೂದಿಲ್ಲ. ಬಣ್ಣಾ ಯಾಕ ಹರಡಿಲ್ಲ ಅಂತ ನಿಮಗ ಅನುಮಾನ ಬರಬೇಕಿತ್ತು. ಕೈ ಪಳಗೈತಿ ಅಂದುಬಿಟ್ರಿ."

ಸರ್ ಚಿತ್ರದ ಕೊಯ್ದ ಅಂಚಿಗೆ ಬೆರಳು ತಾಗಿಸಿದರು.

"ನೋಡಬೇಕಂತ ಅಷ್ಟ ಬಿಚ್ಚಿದ್ದೆ," ಎಂದರು. "ನನಗೂ ಹದಿನೆಂಟು ವರ್ಷ ಇದ್ದಾಗ ಚಿತ್ರಕಲಾ ಸಾಲಿಗೆ ಹೋಗೂದಿತ್ತು. ಕಳಿಸಲಿಲ್ಲ. ಇಷ್ಟು ಚಂದ ಒಂದೂ ನಾ ಬರದಿಲ್ಲ. ಒಮ್ಮೆ ನನ್ನ ಹೆಸರು ಇಂಥಾದ್ರ ಕೆಳಗ ಬರಲಿ ಅನಿಸಿತು."

ನನಗೆ ಅವರ ಮೇಲೆ ಮರುಕ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ತಮ್ಮನ್ನು ಕಳಿಸಲಿಲ್ಲವೆಂದು ಅಷ್ಟು ವರ್ಷ ನೊಂದವರು ಇನ್ನೊಬ್ಬಳ ಸೀಟು ಕಿತ್ತುಕೊಳ್ಳಲು ಹೇಗೆ ಮನಸ್ಸು ಮಾಡಿದರು? ಅದನ್ನು ನೆನೆದು ಮರುಕ ಆರಿಹೋಯಿತು.

ಪ್ರಿನ್ಸಿಪಾಲರು ಚಿತ್ರಕಲಾ ಶಾಲೆಯ ಪತ್ರವನ್ನು ತಾವೇ ಬರೆದರು. ಅಂದಪ್ಪ ಸರ್ ಆ ಯೋಜನೆಯಿಂದ ಹೊರಗಾದರು. ಉಳಿದದ್ದನ್ನು ಆಡಳಿತ ಮಂಡಳಿ ನೋಡಿಕೊಳ್ಳುತ್ತದೆ ಎಂದರು. ಚಿತ್ರವನ್ನು ನಾನೇ ಸಂಜೆಯ ಬಸ್ಸಿಗೆ ಬಾಗಲಕೋಟೆಗೆ ಒಯ್ಯುವುದೆಂದಾಯಿತು.

ಸುತ್ತಿ ಇಡುವ ಮೊದಲು ರಾಮಲಿಂಗಪ್ಪ ಅದನ್ನು ಕೈಗೆ ತೆಗೆದುಕೊಂಡ. ನಾಕು ಕೈಗಳನ್ನು ನೋಡಲಿಲ್ಲ, ಸೆರಗಿನ ಪಟ್ಟಿಯನ್ನೂ ನೋಡಲಿಲ್ಲ. ಹಾಳೆಯ ಹಿಂಬದಿಗೆ ಹೆಬ್ಬೆರಳು ಆಡಿಸಿದ, ಸೀರೆಯ ಪೋತ, ಅದರ ನೇಯ್ಗೆಯ ಹದ, ನೋಡುವ ಹಾಗೆ.

"ಗಂಜಿ ಚಲೋ ಹಾಕೀ ಬೇ," ಎಂದ. "ಎಲ್ಲೂ ಗಂಟು ಕಟ್ಟಿಲ್ಲ."

ಶುಕ್ರವಾರದಿಂದ ಅಳದೆ ನಿಂತಿದ್ದ ಹುಡುಗಿ ಆಗ ಅತ್ತಳು.

"ಸೋಮವಾರ ಮಗ್ಗದಾಗ ನಾನ ಕೂಡ್ತೇನಿ," ಎಂದ ರಾಮಲಿಂಗಪ್ಪ. "ನೀ ಸಾಲಿಗೆ ಹೋಗು."