ಒಂದೂವರೆ ಅಡಿಯ ಲಾರಿ

"ಕೆಳಗಿಡಿ ಅದನ್ನ!"

ಬೆನ್ನ ಹಿಂದಿನಿಂದ ಬಂದ ಗಡಸು ದನಿಗೆ ಶರಾವತಿ ಬೆಚ್ಚಿಬಿದ್ದಳು. ಆದರೆ ಕೈಯಲ್ಲಿದ್ದದ್ದನ್ನು ಕೆಳಗಿಡಲಿಲ್ಲ. ಇಡುವುದಾದರೂ ಹೇಗೆ? ಅವಳ ಕೈಯಲ್ಲಿದ್ದದ್ದು ಅಪ್ಪಯ್ಯನ ಲಾರಿ!

ಉದ್ದ ಒಂದೂವರೆ ಅಡಿ, ಅಷ್ಟೇ. ಆದರೆ ಅದೇ ಹಸಿರು ಕ್ಯಾಬಿನ್, ಅದೇ ಹಳದಿ ಪಟ್ಟೆ, ಎಡ ಬಂಪರಿನ ಅದೇ ನೆಗ್ಗು. ಬಾಗಿಲ ಮೇಲೆ ಒಂದು ಬಿಳಿ ಗೆರೆ ಕೂಡ ಇತ್ತು. ಎಲೆಯಡಿಕೆ ಹಾಕಿದಾಗೆಲ್ಲ ಅಪ್ಪಯ್ಯ ಸುಣ್ಣದ ಬೆರಳು ಒರೆಸುತ್ತಿದ್ದದ್ದು ಅಲ್ಲೇ.

"ಇದು... ನಮ್ಮಪ್ಪಯ್ಯಂದು," ಎಂದಳು.

ಎದುರಿಗೆ ನಿಂತಿದ್ದವನು ತೆಳ್ಳಗೆ, ಎತ್ತರಕ್ಕೆ, ಮೊಣಕೈವರೆಗೂ ಗ್ರೀಸು ಬಳಿದುಕೊಂಡ ಮೆಕ್ಯಾನಿಕ್. ಅವಳ ಮಾತು ಕೇಳಿದ್ದೇ ಅವನ ಮುಖದ ಗಡಸು ಇಳಿದುಹೋಯಿತು.

"ನೀವು... ಹೂವಪ್ಪಣ್ಣನ ಮಗಳಾ?"

ಇದು 1984ರ ಜನವರಿಯ ಮಾತು. ಸಾಗರದ ಹತ್ತಿರದ ಹಳ್ಳಿಯಿಂದ ಶರಾವತಿ ರಿಪ್ಪನ್‌ಪೇಟೆಗೆ ಬಂದದ್ದು ಚಂದ್ರಯ್ಯನವರ ಲಾರಿ ಶೆಡ್ಡಿನಿಂದ ಅಪ್ಪಯ್ಯನ ಟ್ರಂಕು ಒಯ್ಯಲು. ನಾಲ್ಕು ತಿಂಗಳ ಹಿಂದೆ ಕೋಣಂದೂರಿನ ಹತ್ತಿರದ ತಿರುವಿನಲ್ಲಿ ದಿಮ್ಮಿ ತುಂಬಿದ ಲಾರಿ ಮಗುಚಿತ್ತು. ಹೂವಪ್ಪನ ತೊಡೆ ಮೂಳೆ ಮುರಿದಿತ್ತು. ರಸ್ತೆ ಬದಿಯ ಗುತ್ಯಮ್ಮನ ಚಹಾ ಅಂಗಡಿ ನೆಲಸಮವಾಗಿ, ಪಾಪ, ಆ ಮುದುಕಿಯ ಕೈ ಮುರಿದಿತ್ತು.

"ಕುಡಿದು ಓಡಿಸಿದ," ಎಂದು ಧಣಿ ಚಂದ್ರಯ್ಯ ಹೇಳಿಕೆ ಕೊಟ್ಟುಬಿಟ್ಟರು. ಜೀವಮಾನದಲ್ಲಿ ಹೆಂಡ ಮೂಸದ ಹೂವಪ್ಪನ ಮೇಲೆ! ಅಡಿಯಲ್ಲಿ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ ಮುರಿದು ಲಾರಿ ಮಗುಚಿತು ಎನ್ನುತ್ತಾನೆ ಹೂವಪ್ಪ. ಮಗುಚಿದ್ದಕ್ಕೆ ಪಟ್ಟಿ ಮುರಿಯಿತು ಎನ್ನುತ್ತಾರೆ ಧಣಿ. ನೋಡೋಣವೆಂದರೆ ಲಾರಿ ರಿಪೇರಿಯಾಗಿ ಹುಬ್ಬಳ್ಳಿ ಕಡೆಯವರಿಗೆ ಮಾರಾಟವಾಗಿತ್ತು. ತೀರ್ಥಹಳ್ಳಿ ಕೋರ್ಟಿನಲ್ಲಿ ವಿಚಾರಣೆಗೆ ಇನ್ನು ಎಂಟೇ ದಿನ. ಸೋತರೆ ಜೈಲು, ಮೇಲೆ ಸಾಯುವವರೆಗೂ ಕುಡುಕನೆಂಬ ಹೆಸರು.

"ನೀವೇ ಮಾಡಿದ್ದಾ ಇದನ್ನ?"

"ಹೂಂ. ಗಣೇಶಮೂರ್ತಿ ಅಂತ. ಇಲ್ಲಿ ಮೆಕ್ಯಾನಿಕ್ಕು. ಬಿಡುವಿದ್ದಾಗ ಇದೇ ಹುಚ್ಚು ನಂಗೆ." ಅವನು ನಾಚಿಕೊಂಡಂತೆ ಶೆಲ್ಫಿನತ್ತ ನೋಡಿದ. ಅಲ್ಲಿ ಇನ್ನೂ ಆರು ಪುಟ್ಟ ಲಾರಿಗಳಿದ್ದವು. "ಅಡಿಗೆ ಮುಕ್ಕಾಲು ಅಂಗುಲದ ಲೆಕ್ಕ. ಶಿವನೆ ಮರದ ಬಾಡಿ, ಹವಾಯಿ ಚಪ್ಪಲಿ ಕೊಯ್ದು ಟಯರು, ತೊಳೆದ ಎಕ್ಸ್‌ರೇ ಹಾಳೆ ಗಾಜಿಗೆ... ಲಾರಿ ಹೆಂಗಿದ್ಯೋ ಹಂಗೇ ಮಾಡ್ತೀನಿ. ಇರೋದನ್ನ ಬಿಡಲ್ಲ, ಇಲ್ದೇ ಇರೋದನ್ನ ಮಾಡಲ್ಲ."

ಇರೋದನ್ನ ಬಿಡಲ್ಲ... ಶರಾವತಿ ಲಾರಿಯನ್ನು ತಲೆಕೆಳಗು ಮಾಡಿದಳು.

ಅಡಿಯಲ್ಲಿ ಗಡಿಯಾರದ ಸ್ಪ್ರಿಂಗ್ ಕತ್ತರಿಸಿ ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳು. ಬಲಗಡೆ ಹಿಂದಿನ ಮೇನ್ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು! ಅದರ ಮೇಲೆ ಬಿಗಿಯಾಗಿ ಸುತ್ತಿದ ಸಣ್ಣ ತಂತಿ. ಪಕ್ಕದಲ್ಲಿ ಮೊಳೆಯಿಂದ ಗೀಚಿದ ತಾರೀಕು: 14-9-83.

ಲಾರಿ ಮಗುಚಿದ್ದು ಹದಿನಾರಕ್ಕೆ!

ಅವಳು ಗೀಚಿದ ತಾರೀಕಿಗೆ ಬೆರಳಿಟ್ಟಳು. "ಎರಡು ದಿನ ಮೊದ್ಲೇ ಪಟ್ಟಿ ಒಡೆದಿತ್ತು! ನಿಮಗೆ ಗೊತ್ತಿತ್ತು! ಇದನ್ನ ಕೋರ್ಟಿಗೆ ತರ್ತೀರಲ್ಲ? ನೀವು ಬಂದು ಹೇಳ್ತೀರಲ್ಲ?"

ಗಣೇಶಮೂರ್ತಿ ನೆಲ ನೋಡಿದ. "ಆಗಲ್ಲ."

"ಎಂತಕೆ? ಧಣಿ ಕೆಲಸದಿಂದ ತೆಗೀತಾರೆ ಅಂತಾನಾ?"

ಅವನ ತುಟಿ ಅಲುಗಿತು. ಏನೋ ಹೇಳಬೇಕು... ಹೇಳಲಾರ. ಕೊನೆಗೆ ಅದೇ ಮಾತು: "ಆಗಲ್ಲ. ದಯವಿಟ್ಟು ಕೇಳ್ಬೇಡಿ."

"ಒಡೆದ ಪಟ್ಟಿ ಅಂತ ಗೊತ್ತಿದ್ದೂ ನಮ್ಮಪ್ಪಯ್ಯನ್ನ ಕಳಿಸಿದ್ರಿ. ಅದರ ಗೊಂಬೆ ಮಾಡಿ ಶೆಲ್ಫಲ್ಲಿ ಇಟ್ಕೊಂಡ್ರಿ. ಮನುಷ್ಯರಾ ನೀವು?"

ಲಾರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಹೊರಟೇಬಿಟ್ಟಳು. ಬಂದ ಕೆಲಸವಾದ ಟ್ರಂಕೇ ಮರೆತುಹೋಯಿತು, ನೋಡಿ! ಸಾಗರದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಬದಿ ಕೂತು ಕಣ್ಣೊರೆಸಿಕೊಳ್ಳುವಾಗ ಯಾರೋ ಓಡಿ ಬಂದ ಸದ್ದು. ಅವನೇ!

ಕಿತ್ತುಕೊಳ್ಳಲು ಬಂದನೆಂದು ಅವಳು ಲಾರಿಯನ್ನು ಎದೆಗೊತ್ತಿಕೊಂಡಳು.

ಅವನು ಏದುಸಿರು ಬಿಡುತ್ತ ಕಿಟಕಿಯೊಳಗೆ ಕೈ ಚಾಚಿದ. ಅಂಗೈಯಲ್ಲಿ ಒಂದು ಪುಟ್ಟ ಚಕ್ರ.

"ಸ್ಟೆಪ್ನಿ... ಬಿದ್ದೋಗಿತ್ತು."

ಬಸ್ಸು ಹೊರಟಿತು. ಕೋಪ ಮಾಡಿಕೊಳ್ಳಲೂ ಬಿಡುವುದಿಲ್ಲವಲ್ಲ ಈ ಮನುಷ್ಯ ಎಂದು ಶರಾವತಿಗೆ ಇನ್ನಷ್ಟು ಕೋಪ ಬಂತು. ಆದರೂ ಸಾಗರದವರೆಗೂ ಆ ಚಕ್ರವನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

* * *

ಮನೆಯಲ್ಲಿ, ಮುಂಚೆಯೇ ಆಸೆ ಹುಟ್ಟಿಸುವುದು ಬೇಡವೆಂದು, ಅಪ್ಪಯ್ಯನಿಗೆ ತೋರಿಸದೆ ಲಾರಿಯನ್ನು ಅಕ್ಕಿ ಕಣಜದ ಹಿಂದಿಟ್ಟಳು. ಕೋರ್ಟಿನ ದಿನ ವಕೀಲರ ಕೈಗೇ ಕೊಡುವುದು ಎಂದು ಲೆಕ್ಕ ಹಾಕಿದ್ದಳು.

ಅಲ್ಲಿಯವರೆಗೆ ಸುಮ್ಮನಿರಬಹುದಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಕಣಜದ ಹಿಂದೆ ಹೋಗದಿದ್ದರೆ ಅವಳಿಗೆ ಸಮಾಧಾನವಿಲ್ಲ!

ಹೋದಾಗೆಲ್ಲ ಹೊಸದೊಂದು ಕಾಣುತ್ತಿತ್ತು. ಡ್ರೈವರ್ ಸೀಟಿನ ಬಲ ಅಂಚು ಸವೆದಿದೆ. ಬ್ರೇಕಿನ ಪೆಡಲ್ಲು ಹೊಳೆಯುತ್ತದೆ. ಎದುರು ಗಾಜಿನ ಮೇಲೆ ಮಣಿಯ ತೋರಣ... ಅಪ್ಪಯ್ಯನಿಗೆಂದು ಅವಳೇ ಪೋಣಿಸಿದ್ದು ಅದು! ಅದರಲ್ಲಿ ಎಡದಿಂದ ಮೂರನೆಯ ಮಣಿ ಉದುರಿಹೋಗಿತ್ತು. ಇಲ್ಲಿಯೂ ಅಷ್ಟೇ, ಮೂರನೆಯ ಮಣಿ ಇಲ್ಲ.

ಶರಾವತಿಯೂ ಕೈಗೆಲಸದವಳೇ. ಸುತ್ತಲಿನ ತಮ್ಮ ದೀವರ ಜನರ ಮನೆಗಳಲ್ಲಿ ಮದುವೆ ಗೊತ್ತಾದರೆ ಹೆಣ್ಣುಗಂಡು ಕೂರುವ ಗೋಡೆಗೆ ಹಸೆ ಚಿತ್ತಾರ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಪುಂಡಿ ನಾರಿನ ಕುಂಚದಲ್ಲಿ ಎಳೆ ತಪ್ಪದೆ ಗೆರೆ ಎಳೆಯುವ ಕಷ್ಟ ಅವಳಿಗೆ ಗೊತ್ತು. ಒಂದು ಉದುರಿದ ಮಣಿಯನ್ನು ಹೀಗೆ ನೋಡಿದವನು ಮನುಷ್ಯರ ಜೀವವನ್ನು ಲಘುವಾಗಿ ನೋಡುತ್ತಾನಾ?

'ಥೂ! ಅವನ ಪರ ಯಾಕೆ ವಾದ ಮಾಡ್ತಿದೀನಿ?' ಎಂದು ತನ್ನನ್ನೇ ಬೈದುಕೊಂಡಳು.

ವಿಚಾರಣೆಗೆ ಎರಡು ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಶರಾವತಿ ಅಂಗಳದ ತಂತಿಗೆ ತಾಯಿ ಶೇಷಮ್ಮನ ಸೀರೆ ಹರವುತ್ತಿದ್ದಳು. ಕಂಬಕ್ಕೆ ಬಿಗಿದ ತಂತಿಯ ಗಂಟು ಕಣ್ಣಿಗೆ ಬಿತ್ತು. ದಿನವೂ ನೋಡುವ ಗಂಟು. ಎರಡು ಸುತ್ತು, ತುದಿ ಒಳಕ್ಕೆ, ಮತ್ತೆ ಎಡಕ್ಕೆ ತಿರುವಿ ಒತ್ತಿದ್ದು. ಹೂವಪ್ಪ ಎಡಚ. ಅವನು ಕಟ್ಟಿದ ಗಂಟನ್ನು ಬಿಚ್ಚುವಾಗ ಮನೆಯವರೆಲ್ಲ ಶಾಪ ಹಾಕುತ್ತಿದ್ದರು.

ಶರಾವತಿಯ ಕೈಯಿಂದ ಸೀರೆ ಜಾರಿತು.

ಕಣಜದ ಹಿಂದೆ ಓಡಿದಳು. ಲಾರಿ ತಿರುಗಿಸಿದಳು. ಎರಡು ಸುತ್ತು... ತುದಿ ಒಳಕ್ಕೆ... ಎಡಕ್ಕೆ!

ಪಟ್ಟಿ ಒಡೆದಿದ್ದು ಅಪ್ಪಯ್ಯನಿಗೆ ಗೊತ್ತಿತ್ತು. ತಂತಿ ಕಟ್ಟಿದ್ದೇ ಅಪ್ಪಯ್ಯ!

ನಡುಮನೆಯಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ ಹೂವಪ್ಪನ ಮುಂದೆ ಅವಳು ಏನೂ ಹೇಳದೆ ಲಾರಿ ಇಟ್ಟಳು. ಅವನು ಅದನ್ನು ನೋಡಿದ. ಬಾಗಿಲ ಮೇಲಿನ ಸುಣ್ಣದ ಗೆರೆಯನ್ನು ಬೆರಳಿನಿಂದ ಸವರಿದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಆ ಹುಡುಗ ಬೇಡ ಅಂದಿದ್ದ ಮಗಾ. ಚಕ್ರದ ಮುಂದೆ ಕೂತೇಬಿಟ್ಟಿದ್ದ. ಹೊಸ ಪಟ್ಟಿ ಹಾಕ್ದೆ ಬಿಡಲ್ಲ ಅಂತ. ಧಣಿ ಬಂದ್ರು. ಇದೊಂದು ಟ್ರಿಪ್ ಹೊಡಿ, ಆಗದಿದ್ರೆ ಬೇರೆ ಡ್ರೈವರಿಗೆ ಕೊಡ್ತೀನಿ ಅಂದ್ರು. ಹನ್ನೊಂದು ವರ್ಷ ನಾನು ಓಡಿಸಿದ ಲಾರಿ ಕಣೇ... ಬೇರೆಯವನ ಕೈಗೆ ಹೆಂಗೆ ಕೊಡ್ಲಿ? ನಾನೇ ತಂತಿ ಸುತ್ತಿದೆ. ಮನೇಲಿ ಗೊತ್ತಾಗಬಾರದು ಅಂತ ಆಸ್ಪತ್ರೇಲಿ ಅವನ ಹತ್ರ ಸ್ಟೇರಿಂಗ್ ಮೇಲೆ ಆಣೆ ಹಾಕಿಸ್ಕೊಂಡೆ."

ಡ್ರೈವರುಗಳಿಗೆ ದೇವರ ಮೇಲಿನ ಆಣೆಗಿಂತ ದೊಡ್ಡದು ಅದು. ಮುರಿದರೆ ಹಿಡಿದ ಲಾರಿ ಉಳಿಯದು ಎಂಬ ನಂಬಿಕೆ.

ಶರಾವತಿ ಲಾರಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಮನುಷ್ಯರಾ ನೀವು ಅಂದಿದ್ದಳು. ಅವನು ಬಾಯಿಬಿಡದೆ ನಿಂತಿದ್ದ. ಅಪ್ಪನನ್ನು ಮಗಳ ಕಣ್ಣಲ್ಲಿ ಸಣ್ಣವನನ್ನಾಗಿ ಮಾಡಬಾರದೆಂದು ಬೈಗುಳ ನುಂಗಿಕೊಂಡು, ಓಡಿ ಬಂದು ಚಕ್ರ ಕೊಟ್ಟು ಹೋಗಿದ್ದ! ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಅಂತಾರೆ. ಅವಳಿಗೆ ಈಗ ಅರ್ಥವಾಯಿತು.

"ಈಗ ಎಂತ ಮಾಡದು?" ಬಾಗಿಲಲ್ಲಿ ನಿಂತಿದ್ದ ಶೇಷಮ್ಮನ ಪ್ರಶ್ನೆ ಅದು. ಅತ್ತ ದರಿ, ಇತ್ತ ಪುಲಿ. ಲಾರಿ ತೋರಿಸಿದರೆ ಗೊತ್ತಿದ್ದೂ ಓಡಿಸಿದ ತಪ್ಪು. ತೋರಿಸದಿದ್ದರೆ ಕುಡಿದು ಓಡಿಸಿದ ಸುಳ್ಳು.

ಹೂವಪ್ಪ ಕಣ್ಣೊರೆಸಿಕೊಂಡು ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಗುತ್ಯಮ್ಮ ನನ್ನಿಂದ ಕೈ ಮುರ್ಕೊಂಡಳು," ಎಂದ. "ನನ್ನ ತಪ್ಪು ನಂದು. ಧಣಿದು ಧಣಿಗೆ ಹೋಗ್ಲಿ. ಆ ಹುಡುಗಂಗೆ ಹೇಳಿ ಕಳ್ಸು ಮಗಾ, ಆಣೆ ಬಿಟ್ಟಿದೀನಿ ಅಂತ."

ಅವಳು ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಳು. 'ಅಪ್ಪಯ್ಯ ಆಣೆ ಬಿಟ್ಟಿದ್ದಾರೆ. ಸೋಮವಾರ ಹನ್ನೊಂದಕ್ಕೆ.' ಕ್ಷಮಿಸಿ ಎಂದು ಬರೆಯಹೊರಟು, ಚೀಟಿಯಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು ಎಂದು ಬಿಟ್ಟಳು.

* * *

ಸೋಮವಾರ. ಹನ್ನೊಂದು ಹೊಡೆಯಿತು. ಗಣೇಶಮೂರ್ತಿ ಇಲ್ಲ.

ಹನ್ನೊಂದೂಕಾಲು... ರಿಪ್ಪನ್‌ಪೇಟೆ ಬಸ್ಸು ಬಂದು ಹೋಯಿತು. ಅವನು ಇಳಿಯಲಿಲ್ಲ. ಚಂದ್ರಯ್ಯ ಬೆಂಚಿನ ಮೇಲೆ ಕಾಲು ಅಲುಗಿಸುತ್ತ ಕೂತಿದ್ದರು. ಕಂಡಕ್ಟರ್ ಚೀಟಿ ಕೊಟ್ಟನೋ ಇಲ್ಲವೋ? ಕೊಟ್ಟರೂ, ತನ್ನ ಬೈಗುಳ ಕೇಳಿದವನು ಯಾಕೆ ಬಂದಾನು? ಶರಾವತಿಯ ಅಂಗೈ ಬೆವೆತು ಲಾರಿಯ ಬಣ್ಣಕ್ಕೆ ಅಂಟಿಕೊಂಡಿತು.

ಹೂವಪ್ಪನ ಹೆಸರು ಕೂಗಿದರು. ಅದೇ ಗಳಿಗೆಗೆ ಬಾಗಿಲಲ್ಲಿ ಅವನು! ಕೂದಲ ತುಂಬ ಕೆಂಪು ಧೂಳು. ಧಣಿಯ ಮುಂದೆ ನಿಂತು ಶೆಡ್ಡಿನ ಬೀಗದ ಕೈ ಬೆಂಚಿನ ಮೇಲಿಟ್ಟ.

"ಬೆಳಿಗ್ಗೆ ನೀವು ಮನೇಲಿರಲಿಲ್ಲ ಧಣಿ. ಇಲ್ಲೇ ಕೊಟ್ಟು ಹೋಗಣ ಅಂತ."

ಅವನು ಸಾಕ್ಷಿಕಟ್ಟೆಯಲ್ಲಿ ಪಟ್ಟಿಯ ಬಿರುಕು, ತಂತಿ, ತಾರೀಕು ಎಲ್ಲವನ್ನೂ ಕಂಡ ಹಾಗೆ ಹೇಳಿದ. ಸರ್ಕಾರಿ ವಕೀಲರು ನಕ್ಕರು. "ಸ್ವಾಮಿ, ಇದು ಮಕ್ಕಳ ಆಟಿಕೆ! ಹೋದ ವಾರ ಮಾಡಿ ಹಳೇ ತಾರೀಕು ಗೀಚಿರಬಹುದಲ್ಲ?"

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಗಣೇಶಮೂರ್ತಿ ತಡವರಿಸಿದ. ತಾರೀಕಿಗೆ ಸಾಕ್ಷಿ ಎಲ್ಲಿಂದ ತರುವುದು?

"ಸ್ವಾಮಿ," ಊರುಗೋಲು ಊರಿ ಹೂವಪ್ಪ ಎದ್ದು ನಿಂತ. "ನಂಗೊಂದು ತುಂಡು ತಂತಿ ಕೊಡಿಸಿ."

ಜವಾನ ತಂತಿ ಹುಡುಕಿ ತಂದ. ಹೂವಪ್ಪ ಅದನ್ನು ಊರುಗೋಲಿಗೆ ಎಡಗೈಯಲ್ಲಿ ಸುತ್ತಿದ. ಎರಡು ಸುತ್ತು, ತುದಿ ಒಳಕ್ಕೆ, ಎಡಕ್ಕೆ. ಜಡ್ಜ್ ಸಾಹೇಬರು ಕನ್ನಡಕ ಏರಿಸಿ ಊರುಗೋಲನ್ನೊಮ್ಮೆ, ಪುಟ್ಟ ಲಾರಿಯನ್ನೊಮ್ಮೆ ನೋಡಿದರು.

"ಈ ಗಂಟು ನಂದು ಸ್ವಾಮಿ. ಲಾರಿ ಮಗುಚಿದ ದಿನದಿಂದ ನಾನು ಹಾಸಿಗೆ ಹಿಡಿದೋನು, ಆ ಹುಡುಗ ಇದನ್ನ ನೋಡಿದ್ದು ನನ್ನ ಲಾರಿ ಅಡೀಲೇ. ಒಡೆದಿದ್ದು ಗೊತ್ತಿದ್ದೂ ಓಡಿಸಿದೆ. ಅದಕ್ಕೆ ಶಿಕ್ಷೆ ಕೊಡಿ. ಕುಡಿದಿರಲಿಲ್ಲ."

"ನಾನೇನೂ ಬಲವಂತ ಮಾಡ್ಲಿಲ್ಲ!" ಎಂದು ಚಂದ್ರಯ್ಯ ಎದ್ದು ಕೂಗಿದರು. ಅವರ ಹೆಸರನ್ನು ಇನ್ನೂ ಯಾರೂ ಎತ್ತಿರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಸುಮ್ಮನೆ ಅಲ್ಲ.

ಕುಡಿದ ಆರೋಪ ಬಿದ್ದುಹೋಯಿತು. ಹೂವಪ್ಪನಿಗೆ ದಂಡ, ಆರು ತಿಂಗಳು ಲೈಸೆನ್ಸ್ ಅಮಾನತು. ಧಣಿಯ ಮೇಲೆ ಬೇರೆ ಕೇಸು. ಅಪ್ಪಯ್ಯನ ತೋಳು ಹಿಡಿದು ಹೊರಗೆ ಬಂದ ಶರಾವತಿ ಸುತ್ತ ಹುಡುಕಿದಳು. ಗಣೇಶಮೂರ್ತಿ ಹೊರಟುಹೋಗಿದ್ದ. ಕ್ಷಮಿಸಿ ಎಂಬ ಒಂದು ಮಾತು ನಾಲಗೆಯ ಮೇಲೇ ಉಳಿಯಿತು.

* * *

ಪುಟ್ಟ ಲಾರಿ ಕೋರ್ಟಿನಿಂದ ಬಿಡುಗಡೆಯಾಗಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೂವಪ್ಪ ಬೇರೆ ಧಣಿಯ ಲಾರಿ ಹತ್ತಿದ್ದ. ಮೊದಲ ಟ್ರಿಪ್ಪಿನಲ್ಲೇ ಸುದ್ದಿ ತಂದ. "ಆ ಮೂರ್ತಿ ಹೊಸನಗರದಲ್ಲಿ ಸಣ್ಣ ಶೆಡ್ ಹಾಕಿದಾನಂತೆ." ಹೇಳಿ ಮಗಳ ಮುಖ ನೋಡದೆ ಎಲೆಗೆ ಸುಣ್ಣ ಹಚ್ಚಿದ. ತಂದೆಯಾದವನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೆ?

ಹೊಸನಗರದ ಶೆಡ್ಡಿನ ಮುಂದೆ ಮಟಮಟ ಮಧ್ಯಾಹ್ನ ಅವಳು ನಿಂತಾಗ ಅವನು ಜೀಪಿನ ಅಡಿಯಲ್ಲಿದ್ದ. ಎದ್ದವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಹೇಳದೇ ಎಂತಕೆ ಹೋದ್ರಿ ಅವತ್ತು?" ಎಂಟು ತಿಂಗಳು ಕಾದ ಪ್ರಶ್ನೆ ಅದು.

"ನಿಮ್ಮಪ್ಪನ್ನ ತಪ್ಪಿತಸ್ಥ ಮಾಡಿದ ಗಂಟನ್ನ ಆ ಪುಟ್ಟ ಲಾರೀಲಿ ಹಾಕಿದ್ದು ನಾನು. ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ನಮ್ಮಪ್ಪಯ್ಯ ಈಗ ಕಣ್ತುಂಬ ನಿದ್ದೆ ಮಾಡ್ತಾರೆ. ನಾನೇ ಮಾಡ್ತಿಲ್ಲ." ಅವಳ ಕಣ್ಣು ತುಂಬಿತು. "ಮನುಷ್ಯರಾ ನೀವು ಅಂದ್ಬಿಟ್ಟೆ... ಕ್ಷಮಿಸಿ."

"ಅದನ್ನ ನಾ ಅವತ್ತೇ ಮರ್ತೆ."

"ಸುಳ್ಳು! ಉದುರಿದ ಮಣೀನೂ ಮರೀದೋರು ನೀವು."

ಅವನು ನಕ್ಕುಬಿಟ್ಟ. ಅವಳು ಚೀಲದಿಂದ ಲಾರಿಯನ್ನು ತೆಗೆದು ಅವನ ಕೈಗಿಟ್ಟಳು. ಕೋರ್ಟಿನ ಚೀಟಿ ಇನ್ನೂ ಚಕ್ರಕ್ಕೆ ನೇತಾಡುತ್ತಿತ್ತು. ಅವನ ಕಣ್ಣು ಎಂದಿನಂತೆ ಒಂದೊಂದೇ ತಪಾಸಣೆ ಮಾಡುತ್ತ ಹೋಗಿ, ಕ್ಯಾಬಿನ್ನಿನ ಹಣೆಯ ಬೋರ್ಡಿನ ಮೇಲೆ ನಿಂತಿತು.

ಹೂವಪ್ಪನ ಲಾರಿಯಲ್ಲಿ ಆ ಬೋರ್ಡು ಖಾಲಿಯಿತ್ತು. ಅವನೂ ಖಾಲಿಯೇ ಬಿಟ್ಟಿದ್ದ. ಈಗ ಅಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆಗಳು. ಬೆರಳಷ್ಟು ಜಾಗದಲ್ಲಿ ಪೂರ್ತಿ ಒಂದು ಹಸೆ ಚಿತ್ತಾರ! ಮಧ್ಯದ ಮನೆಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾಗಿ ಒಂದು ಗಂಡು, ಪಕ್ಕದಲ್ಲಿ ಒಂದು ಹೆಣ್ಣು.

ಅವನೂ ದೀವರ ಮನೆಯ ಹುಡುಗನೇ. ಹಸೆ ಎಲ್ಲಿ, ಯಾವಾಗ ಬರೆಯುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಶರಾವತೀ... ಇದು ಆ ಲಾರೀಲಿ ಇರಲಿಲ್ಲ," ಎಂದ ಮೆಲ್ಲಗೆ. "ಇಲ್ದೇ ಇರೋದನ್ನ ನಾ ಮಾಡಲ್ಲ."

"ಗೊತ್ತು." ಅವಳು ತಲೆ ತಗ್ಗಿಸಿದಳು. ಕೆನ್ನೆ ಕೆಂಪಾಗಿತ್ತು. "ಅದಕ್ಕೇ ನಾ ಬರೆದೆ. ಈ ಸಲ ಚಿಕ್ಕದು ಮೊದ್ಲು ಆಗಿದೆ. ಅದರ ಅಳತೆಗೆ ದೊಡ್ಡದು ಮಾಡೋದು ನಿಮ್ಮ ಕೆಲಸ."

ಅವನು ಗ್ರೀಸಿನ ಕೈಯನ್ನು ಮೂರು ಸಲ ಒರೆಸಿಕೊಂಡು, ಅವಳ ಕೈ ಹಿಡಿದ.

"ನಾಳೆ ಬೆಳಿಗ್ಗೆ ಬಸ್ಸಿಗೆ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ. ಹಸೆ ಬರೆಯೋ ಗೋಡೆ ಅಳತೆ ತಗೋಬೇಕಲ್ಲ?"