ಎಡಗೆನ್ನೆಯ ಕವಲು

ನನ್ನ ತಂಗಿಯ ಮುಖಕ್ಕೆ ಮೊದಲ ಸುಕ್ಕು ತಂದವಳು ನಾನು. ಆಗ ಅವಳಿಗೆ ಇಪ್ಪತ್ತೆರಡು, ನಾಟಕದಲ್ಲಿ ಮುದುಕಿಯ ಪಾತ್ರ; ಕಂಪನಿಯಲ್ಲಿ ಬಣ್ಣ ಹಚ್ಚುವ ಕೆಲಸ ನನ್ನದು. ಕಂದು ಪೆನ್ಸಿಲ್ ಜಾರಿ ಎಡಗೆನ್ನೆಯ ಗೆರೆ ಕವಲೊಡೆಯಿತು. ಒರೆಸಹೋದೆ.

"ಇರ್ಲಿ ಬಿಡಕ್ಕಾ, ಚೆನ್ನಾಗಿದೆ," ಅಂದಳು.

ಆಮೇಲೆ ರಂಗದ ಮೇಲೂ ಸಿನಿಮಾದಲ್ಲೂ ಎಲ್ಲರ ಅಜ್ಜಿ ಅವಳೇ. ನಾಯಕಿಯರು ಬಂದರು, ಹೋದರು; ಇವಳು ಬಾಗಿಲಲ್ಲಿ ಬಂದು ನಿಂತರೆ ಸಾಕು, ಚಪ್ಪಾಳೆ ಬೀಳುತ್ತಿತ್ತು. ನಿಜವಾದ ಮುಪ್ಪು ಬಂದಾಗ ಸುಕ್ಕುಗಳು ನಾನು ಬರೆದ ಜಾಗದಲ್ಲೇ ಬಿದ್ದವು. ಆ ಕವಲೂ ಸಹ.

"ನೋಡು, ನಿನ್ ಕೆಲ್ಸ ಎಷ್ಟು ಗಟ್ಟಿ!" ಎಂದು ನಗುತ್ತಿದ್ದಳು. ಅಷ್ಟರಲ್ಲಿ ನನ್ನ ಪೆನ್ಸಿಲ್ ಬಣ್ಣದ ಪೆಟ್ಟಿಗೆಯೊಳಗೆ ಸೇರಿ ಎಷ್ಟೋ ವರ್ಷವಾಗಿತ್ತು.

ಅವಳು ತೀರಿಕೊಂಡ ಬೆಳಿಗ್ಗೆ, ಆಟ ಮುಗಿದ ಮೇಲೆ ಮಾಡುತ್ತಿದ್ದಂತೆಯೇ, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮುಖ ಒರೆಸಿದೆ. ಕೋಣೆಯಲ್ಲಿ ಹಳೆಯ ಬಣ್ಣದ ವಾಸನೆ ಎದ್ದಿತು. ತಣ್ಣಗಾಗಿದ್ದ ಮೈಯಲ್ಲಿ ಎಡಗೆನ್ನೆ ಮಾತ್ರ ರಂಗದ ದೀಪದೆದುರು ನಿಂತು ಬಂದವರ ಕೆನ್ನೆಯಂತೆ ಬೆಚ್ಚಗಿತ್ತು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಗೆರೆಯಿದ್ದ ಕಡೆ ಇಪ್ಪತ್ತೆರಡರ ನುಣ್ಣನೆಯ ಕೆನ್ನೆ.

ಬಲಗೆನ್ನೆಯನ್ನು ನಾನು ಮುಟ್ಟಲಿಲ್ಲ. ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆದು ಎಡಗಡೆಯ ಸುಕ್ಕನ್ನು ಮತ್ತೆ ಬರೆದೆ, ಕವಲು ಸಮೇತ.

ಊರೆಲ್ಲ ಬಂದು ಹತ್ತಿರದಿಂದ ನೋಡಿಹೋಯಿತು. ಯಾವ ಕೆನ್ನೆಯ ಸುಕ್ಕು ಬರೆದದ್ದು, ಯಾವುದು ನಿಜದ್ದು ಎಂದು ಒಬ್ಬರಿಗೂ ತಿಳಿಯಲಿಲ್ಲ.